ಉಪ್ಪೂರು ರಗ್ಬಿ ಕ್ಲಬ್ಬಿನ ಹನ್ನೊಂದು ತಿಂಗಳು

ಕ್ಯಾಮಿಲಸ್ ಲೋಬೊಗೆ ಮೂರು ಹೆಸರುಗಳಿದ್ದವು. ಶಿರ್ವದ ಇಗರ್ಜಿಯ ಪುಸ್ತಕದಲ್ಲಿ ಕಾಮಿಲ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಕಮಲಾಸ್, ಪಾಸ್‌ಪೋರ್ಟಿನಲ್ಲಿ ಕ್ಯಾಮಿಲಸ್. ಈ ಮೂವರೂ ಒಬ್ಬನೇ ಎಂದು ನೋಟರಿಯೆದುರು ಪ್ರಮಾಣ ಮಾಡಿದ ಮೇಲೆಯೇ ಅವನಿಗೆ ಅಬುಧಾಬಿಯ ವೀಸಾ ಸಿಕ್ಕಿದ್ದು. ಅಂದಿನಿಂದ ‘ಮೇಲ್ಕಂಡ ಹೆಸರುಗಳೆಲ್ಲವೂ ಒಬ್ಬನೇ ವ್ಯಕ್ತಿಯವು’ ಎನ್ನುವ ಅಫಿಡವಿಟ್ಟು ಅವನ ವಿಶೇಷ ವಿದ್ಯೆಯಾಯಿತು. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಅವನು ಕೆಲಸಕ್ಕಿದ್ದ, ಅರ್ಜಿ-ಅಫಿಡವಿಟ್ಟು ಬರೆದುಕೊಡುವ ಜಲೀಲರ ಟೈಪಿಂಗ್ ಸೆಂಟರಿಗೆ ಕರಾವಳಿಯ ಕ್ರಿಸ್ತಾಂವರು, ತುಳುವರು, ಬ್ಯಾರಿಗಳು ತಮ್ಮ ತಮ್ಮ ಕಾಗುಣಿತದ ತಪ್ಪುಗಳನ್ನು ಹೊತ್ತುಕೊಂಡು ಬರುತ್ತಿದ್ದರು, ಒಬ್ಬೊಬ್ಬರೇ ವ್ಯಕ್ತಿಗಳಾಗಿ ಹೋಗುತ್ತಿದ್ದರು. ನನ್ನ ಮೇಜು ಅವನ ಪಕ್ಕದ್ದು.

ರೊಮೇನಿಯಾದ ಡೋರುವನ್ನು ಅಲ್ಲಿಗೆ ಕಳಿಸಿದವಳು ಕ್ಯಾಮಿಲಸನ ಹೆಂಡತಿ ಜೂಡಿತ್. ಅವಳು ನರ್ಸಾಗಿದ್ದ ಆಸ್ಪತ್ರೆಯಲ್ಲಿ ಅವನು ಫಿಸಿಯೋಥೆರಪಿಸ್ಟ್. ನಮ್ಮ ಬಾಗಿಲಿನ ಅಗಲಕ್ಕೂ ಅವನ ಭುಜದ ಅಗಲಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಕಿವಿಗಳೆರಡೂ ಯಾರೋ ಹಿಸುಕಿ ಬಿಟ್ಟ ಹಿಟ್ಟಿನ ಉಂಡೆಗಳಂತಿದ್ದವು. ಇಪ್ಪತ್ತು ವರ್ಷ ರಗ್ಬಿ ಆಡಿದರೆ ಹಾಗಾಗುತ್ತದಂತೆ. ಅವನು ಸೂಟ್‌ಕೇಸೊಂದನ್ನು ಕ್ಯಾಮಿಲಸನ ಕೀಬೋರ್ಡಿನ ಮೇಲೆಯೇ ಇಟ್ಟು, “ಇದು ನನ್ನ ಕ್ಲಬ್” ಎಂದ.

ಅವನದು ಉಪ್ಪಿನ ಗಣಿಯ ಸಣ್ಣ ಊರು. ಅದರ ಹೆಸರು ನಮ್ಮಿಬ್ಬರ ನಾಲಗೆಗೂ ಹೊರಳದ್ದರಿಂದ ಉಪ್ಪೂರು ಎಂದು ಕರೆದುಕೊಂಡೆವು. ಉಡುಪಿಯ ಪಕ್ಕದ ಉಪ್ಪೂರಿನವರು ಕ್ಷಮಿಸಬೇಕು. 1938ರಲ್ಲಿ ಗಣಿಯ ಧಣಿ ಒಂದು ಮೈದಾನ ಬರೆದುಕೊಟ್ಟು ಹುಟ್ಟಿಸಿದ ಕ್ಲಬ್ಬಿನ ಹೆಸರು ‘ಉಪ್ಪು’. ಯುದ್ಧ ಮುಗಿದು ಧಣಿಗಳು ಇಲ್ಲವಾದ ಮೇಲೆ ‘ಕೆಂಪು ಜ್ವಾಲೆ’. ಗಣಿಯೊಳಗೆ ನಿಜವಾದ ಬೆಂಕಿ ಬಿದ್ದ ವರ್ಷ, ಯಾರಿಗೋ ಅಪಶಕುನವೆನಿಸಿ ‘ಪ್ರಗತಿ’. ಎಂಬತ್ತೊಂಬತ್ತರ ಕ್ರಾಂತಿಯ ನಂತರ ‘ವಿಕ್ಟೋರಿಯಾ’. ಆಮೇಲೆ ಹಾಸಿಗೆ ಮಾಡುವ ಕಂಪನಿಯೊಂದು ಜರ್ಸಿ ಹೊಲಿಸಿಕೊಟ್ಟದ್ದಕ್ಕೆ ಆರು ವರ್ಷ ‘ಸುಖನಿದ್ರೆ’. ಈಗ ‘ಸಲೀನಾ 2012’.

“ಸುಖನಿದ್ರೆಯಲ್ಲಿದ್ದಾಗ ಗೆದ್ದದ್ದುಂಟಾ?” ಎಂದು ಕೇಳಿದೆ.

“ಒಂದು ಸಲ,” ಎಂದ ಡೋರು. “ಎದುರಾಳಿಯ ಬಸ್ಸು ಕೆಟ್ಟಿತ್ತು.”

ಬಂದ ಕೆಲಸ ಮಾತ್ರ ತಮಾಷೆಯದ್ದಾಗಿರಲಿಲ್ಲ. ಕ್ಲಬ್ಬು ನಡುವೆ ನಿಲ್ಲದೆ ನಡೆಯುವವರೆಗೆ ಮೈದಾನ ಕ್ಲಬ್ಬಿನದು, ನಿಂತರೆ ಪುರಸಭೆಯದು ಎಂದು ಧಣಿ ಬರೆಸಿದ್ದ. ಕಮ್ಯುನಿಸ್ಟರು ಹೋದ ಮೇಲೆ ಧಣಿಗಳ ಕಾಗದಗಳಿಗೆ ಅಲ್ಲಿ ಮತ್ತೆ ಬೆಲೆ ಬಂದಿತ್ತು. ಪುರಸಭೆಗೆ ಆ ಜಾಗದಲ್ಲಿ ಸೂಪರ್‌ಮಾರ್ಕೆಟ್ಟು ಬೇಕಿತ್ತು. ‘ಸಲೀನಾ 2012’ ಎಂಬುದು ಹೆಸರೇ ಹೇಳುವಂತೆ 2012ರಲ್ಲಿ ಹುಟ್ಟಿದ ಹೊಸ ಕ್ಲಬ್ಬು ಎಂದು ಅದರ ವಾದ. ಆರು ಹೆಸರೂ ಒಂದೇ ಕ್ಲಬ್ಬಿನವು ಎಂದು ತೋರಿಸಲು ಗುರುವಾರದವರೆಗೆ ಅವಕಾಶ. ಆಡಿದವರೆಲ್ಲ ಇಟಲಿ, ಸ್ಪೇನ್ ಎಂದು ಚದುರಿಹೋಗಿದ್ದರು. ಹಳೆಯ ಕಾರ್ಯದರ್ಶಿಯಾಗಿದ್ದ ಡೋರು ಗಲ್ಫಿಗೆ ಬರುವಾಗ ದಾಖಲೆಗಳನ್ನೆಲ್ಲ ಜೊತೆಗೆ ತಂದಿದ್ದರಿಂದ, ಎಂಟು ದಶಕಗಳ ಇತಿಹಾಸ ಅಲ್ ರೀಮ್ ಐಲ್ಯಾಂಡಿನ ಇಪ್ಪತ್ತೆರಡನೇ ಮಹಡಿಯಲ್ಲಿ, ಅವನ ಮಂಚದ ಕೆಳಗಿತ್ತು.

ಕ್ಯಾಮಿಲಸ್ ತುಳುವಿನಲ್ಲಿ ನನ್ನ ಕಿವಿಗೆ, “ಉಂದು ದಾದ ಮಲ್ಲ ಬೇಲೆ ಮಾರಾಯಾ”, ಇದೇನು ದೊಡ್ಡ ಕೆಲಸ ಎಂದು ಹೇಳಿ, ಡೋರುವಿಗೆ ಇಂಗ್ಲಿಷಿನಲ್ಲಿ ಅಭಯ ಕೊಟ್ಟ: “ಸರ್, ನಮ್ಮ ಊರಿನ ಅರ್ಧ ಜನ ನಿಮ್ಮ ಕ್ಲಬ್ಬಿನ ಹಾಗೆಯೇ. ಯಲ್ಲಾ, ಶುರು ಮಾಡುವ, ಬಿಚ್ಚಿ ಸೂಟ್‌ಕೇಸು.”

ಮೂರು ದಿನ ಡೋರು ಹೇಳುತ್ತ ಹೋದ, ಕ್ಯಾಮಿಲಸ್ ಟೈಪ್ ಮಾಡುತ್ತ ಹೋದ. ಜಲೀಲರು ಎರಡು ಸಲ ಬಂದು, “ಇದು ವೀಸಾ ಅರ್ಜಿಯಾ, ಸ್ಕೂಲಿನ ಪಾಠವಾ?” ಎಂದು ಕೇಳಿ ಹೋದರು. ಮುಂದಕ್ಕೆ ಹೋಗಬೇಕಾದವನು ಚೆಂಡನ್ನು ಹಿಂದಕ್ಕೇ ಎಸೆಯಬೇಕು ಎಂಬ ರಗ್ಬಿಯ ನಿಯಮ ಕ್ಯಾಮಿಲಸನಿಗೆ ಕೊನೆಯವರೆಗೂ ಹಿಡಿಸಲಿಲ್ಲ. “ಇಂಥ ಆಟಕ್ಕೆ ಮೈದಾನ ಕೊಟ್ಟವನಿಗೆ ಬುದ್ಧಿ ಬೇಕಿತ್ತು” ಎಂದು ಗೊಣಗಿದ. ಆದರೂ ಹೆಸರುಗಳು ಒಂದಕ್ಕೊಂದು ಚೆನ್ನಾಗಿಯೇ ಹೊಂದಿದವು, ಕೊನೆಯ ಎರಡನ್ನು ಬಿಟ್ಟು. 2011ರ ನವೆಂಬರಿನಲ್ಲಿ ಹದಿನೈದು ಜನ ಆಟಗಾರರು ಸೇರದೆ ‘ಸುಖನಿದ್ರೆ’ಯ ನೋಂದಣಿ ರದ್ದಾಗಿತ್ತು. ‘ಸಲೀನಾ’ ನೋಂದಣಿಯಾದದ್ದು ಮರುವರ್ಷದ ಅಕ್ಟೋಬರಿನಲ್ಲಿ. ನಡುವೆ ಹನ್ನೊಂದು ತಿಂಗಳು.

“ಈ ಹನ್ನೊಂದು ತಿಂಗಳಲ್ಲಿ ಎಂತ ಆಯ್ತು ಸರ್?”

“ಆಡಿದರು. ನೋಂದಣಿ ಇಲ್ಲ, ಆದರೆ ಪ್ರತಿ ಶನಿವಾರ ಆಡಿದರು. ಎಂಟು ಜನ, ಒಂಬತ್ತು ಜನ. ಎಷ್ಟು ಬಂದರೆ ಅಷ್ಟು.”

ಆಡಿದ್ದಕ್ಕೆ ಒಂದು ಫೋಟೋ ಇರಲಿಲ್ಲ, ಒಂದು ಚೀಟಿಯೂ ಇರಲಿಲ್ಲ. ಆಡಿದವರು ಎಲ್ಲೆಲ್ಲಿದ್ದಾರೋ ಗೊತ್ತಿರಲಿಲ್ಲ. ಉಳಿದದ್ದು ಡೋರುವಿನ ಮಾತು. ಕ್ಯಾಮಿಲಸ್ ಅದನ್ನು ಗಟ್ಟಿ ಮಾಡಿದ. ‘ಆಡಿದರು’ ಎಂಬುದನ್ನು ‘ಆಡಿದ್ದನ್ನು ನಾನು ಖುದ್ದಾಗಿ, ಕಣ್ಣಾರೆ ಕಂಡಿರುತ್ತೇನೆ’ ಎಂದು ತಿದ್ದಿದ. ಅವನ ಅಫಿಡವಿಟ್ಟುಗಳಲ್ಲಿ ಎಲ್ಲರೂ ಎಲ್ಲವನ್ನೂ ಕಣ್ಣಾರೆ ಕಂಡಿರುತ್ತಾರೆ. ಆಮೇಲೆ, ಗಲ್ಫಿನಲ್ಲಿ ಯಾವ ಫೈಲಿಗೂ ಯಾರೂ ಕೇಳದೆಯೇ ಸೇರಿಸುವಂತೆ, ಡೋರುವಿನ ಪಾಸ್‌ಪೋರ್ಟಿನ ಪ್ರತಿ, ವೀಸಾ ಪುಟಗಳ ಪ್ರತಿ, ಎಮಿರೇಟ್ಸ್ ಐಡಿಯ ಎರಡೂ ಬದಿ ಸೇರಿಸಿದ. ಡೋರು ಓದದೆ ಸಹಿ ಹಾಕಿದ. ಅಷ್ಟು ದೊಡ್ಡ ಇಂಗ್ಲಿಷನ್ನು ನಾನೂ ಓದುತ್ತಿರಲಿಲ್ಲ.

ಗುರುವಾರದ ವಿಚಾರಣೆ ವೀಡಿಯೋದಲ್ಲಿ. ಫೈಲಿನ ಬಗ್ಗೆ ಏನಾದರೂ ಕೇಳಿದರೆ ಇರಲಿ ಎಂದು ಡೋರು ನಮ್ಮನ್ನೂ ಕರೆದಿದ್ದ. ಡ್ರೈವಿಂಗ್ ಟೆಸ್ಟಿನಲ್ಲಿ ಆರು ಸಲ ಫೇಲಾಗಿದ್ದ ಕ್ಯಾಮಿಲಸನನ್ನು ಕೂರಿಸಿಕೊಂಡು ನಾನೇ ಅಲ್ ರೀಮಿಗೆ ಕಾರು ಓಡಿಸಿದೆ. ಲ್ಯಾಪ್‌ಟಾಪಿನ ಒಂದು ಚೌಕದಲ್ಲಿ ಪುರಸಭೆಯ ಮೂವರು, ಇನ್ನೊಂದರಲ್ಲಿ ಈಗಿನ ಕ್ಯಾಪ್ಟನ್ ಕೊಸ್ಮಿನ್. ಕೊಸ್ಮಿನನ ಕಿವಿಗಳು ಇನ್ನೂ ಕಿವಿಗಳಂತೆಯೇ ಇದ್ದವು. ಡೋರು ಒಂದು ಗಂಟೆ ಮಾತಾಡಿದ. ನಮಗೆ ಒಂದಕ್ಷರವೂ ತಿಳಿಯಲಿಲ್ಲ, ಆದರೆ ಇಸವಿಗಳನ್ನು ಹೇಳುವಾಗ ಅವನ ದನಿ ಏರುವುದು ತಿಳಿಯುತ್ತಿತ್ತು. ಅಧ್ಯಕ್ಷೆ ಕನ್ನಡಕದ ಹೆಂಗಸು. ಎರಡು ಸಲ ನಕ್ಕಳು. ಒಂದು ನಗು ಸುಖನಿದ್ರೆಯದ್ದಿರಬೇಕು.

ಆಮೇಲೆ ಅವಳು ಪರದೆಯ ಮೇಲೆ ಒಂದು ಪುಟ ಹಾಕಿದಳು. ಕ್ಯಾಮಿಲಸ್ ನನ್ನ ಮೊಣಕೈ ತಿವಿದ.

“ನೋಡು, ನೋಡು. ಪಾಸ್‌ಪೋರ್ಟ್ ಕಾಪಿ ನೋಡ್ತಾ ಇದ್ದಾರೆ. ನಾನು ಹಾಕಿದ್ದು. ಒಳ್ಳೆ ಲಕ್ಷಣ ಮಾರಾಯ.”

ಪರದೆಯ ಮೇಲಿದ್ದದ್ದು ಅಬುಧಾಬಿ ವಿಮಾನ ನಿಲ್ದಾಣದ ಮೊಹರು: 9 ಜನವರಿ 2012. ಅಧ್ಯಕ್ಷೆ ನಿಧಾನವಾಗಿ ಒಂದು ಪ್ರಶ್ನೆ ಕೇಳಿದಳು. ಡೋರು ಬಗ್ಗಿ ಮೊಹರನ್ನು ನೋಡಿದ. ಅವಳು ಮತ್ತೊಮ್ಮೆ, ಇನ್ನೂ ಮೆತ್ತಗೆ ಕೇಳಿದಳು.

“ನೂ,” ಎಂದ ಡೋರು.

ಇಲ್ಲ ಎಂಬ ಅದೊಂದು ಮಾತು ನಮಗೂ ತಿಳಿಯಿತು. ಕೊಸ್ಮಿನ್ ತನ್ನ ಚೌಕದಲ್ಲಿ ಮುಖ ಮುಚ್ಚಿಕೊಂಡ.

ಲ್ಯಾಪ್‌ಟಾಪ್ ಮಡಚಿದ ಮೇಲೆ ಡೋರು ನಮಗೆ ವಿವರಿಸಿದ. ಸುಳ್ಳಿರಲಿಲ್ಲ, ಆ ಹುಡುಗರು ಆಡಿದ್ದು ನಿಜ, ಪ್ರತಿ ಶನಿವಾರ ಫೋನಿನಲ್ಲಿ ಅವನಿಗೆ ಹೇಳುತ್ತಿದ್ದರು. ಆದರೆ ಹನ್ನೊಂದು ತಿಂಗಳೂ ಕಂಡಿದ್ದೇನೆ ಎಂದು ಬರೆದಿತ್ತು, ಜನವರಿಯಲ್ಲಿ ಇಲ್ಲಿಗೆ ಬಂದ ಮೇಲಿನದನ್ನು ಕಂಡಿರಲಿಲ್ಲ. ಕಂಡಿರಲು ಸಾಧ್ಯವಿಲ್ಲವೆಂಬುದಕ್ಕೆ ಪುರಾವೆ ಅದೇ ಫೈಲಿನಲ್ಲಿತ್ತು. ಒಂದು ಸಾಕ್ಷಿ ಬಿದ್ದ ಮೇಲೆ ಉಳಿದದ್ದನ್ನು ಯಾರೂ ಕೇಳಲಿಲ್ಲ.

“ಕ್ಲರಿಕಲ್ ಮಿಸ್ಟೇಕ್ ಅಂತ ಒಂದು ಲೆಟರ್ ಹಾಕುವ ಸರ್,” ಎಂದ ಕ್ಯಾಮಿಲಸ್. ಅವನ ಮುಖ ಬಿಳಿಚಿಕೊಂಡಿತ್ತು. “ಟೈಪಿಸ್ಟಿನ ತಪ್ಪು ಅಂತ ನಾನೇ ಸಹಿ ಹಾಕ್ತೇನೆ. ನನ್ನ ಪಾಸ್‌ಪೋರ್ಟ್ ಕಾಪಿ—”

ಅಲ್ಲಿಗೆ ಅವನೇ ನಿಲ್ಲಿಸಿದ.

ಮುಂದಿನ ವಾರ ಆದೇಶ ಬಂತು. ಮೈದಾನ ಪುರಸಭೆಗೆ, ತಿಂಗಳ ಕೊನೆಗೆ ಅದರ ಸುತ್ತ ಬೇಲಿ. ಕೊಸ್ಮಿನನ ಹುಡುಗರು ಪಕ್ಕದ ಊರಿನ ಕ್ಲಬ್ಬಿಗೆ ಸೇರುತ್ತಾರಂತೆ ಎಂದು ಜೂಡಿತ್ ಸುದ್ದಿ ತಂದಳು. ಡೋರು ಎಂದಿನಂತೆ ಡ್ಯೂಟಿಗೆ ಬರುತ್ತಾನೆ, ರೋಗಿಗಳನ್ನು ನಗಿಸುತ್ತಾನೆ ಎಂದೂ ಹೇಳಿದಳು. ಈ ಎರಡನೆಯ ಸುದ್ದಿ ಕ್ಯಾಮಿಲಸನಿಗೆ ಮೊದಲನೆಯದಕ್ಕಿಂತ ಕಷ್ಟವಾಯಿತು. ಎರಡು ದಿನ ಕೂತು ತಿದ್ದುಪಡಿ ಅಫಿಡವಿಟ್ಟು ಎಂದು ಹನ್ನೆರಡು ಪುಟ ಟೈಪ್ ಮಾಡಿದ. “ಆದೇಶ ಆಗಿಯಾಯ್ತಲ್ಲ, ಖಲಾಸ್,” ಎಂದೆ. “ನಿನಗೆ ಗೊತ್ತಿಲ್ಲ, ಸುಮ್ಮನಿರು,” ಎಂದು ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದ.

ಡೋರುವಿನ ಕೋಣೆಯಲ್ಲಿ ರೋಗಿಗಳಿರಲಿಲ್ಲ. ಕ್ಯಾಮಿಲಸ್ ಸ್ಟೂಲಿನ ಮೇಲೆ ಕುಳಿತು ಫೈಲನ್ನು ಮುಂದೆ ಚಾಚಿದ. ಡೋರು ಎಲ್ಲ ಪುಟಗಳನ್ನೂ ತಿರುವಿದ. ಈ ಸಲ ಓದುತ್ತಿದ್ದ.

“ಚೆನ್ನಾಗಿದೆ,” ಎಂದ. “ಯಾರಿಗೆ ಕಳಿಸುವುದು?”

ಕ್ಯಾಮಿಲಸ್ ಬೇರೆ ಮಾತು ತೆಗೆದ. “ಆ ಹುಡುಗರು ಪಕ್ಕದ ಊರಲ್ಲಿ ಆಡಿದರೂ ನಿಮ್ಮ ಕ್ಲಬ್ಬೇ ಅಲ್ವಾ ಸರ್ ಅದು?”

“ಅಲ್ಲ.”

“ಒಂದು ಲೆಕ್ಕದಲ್ಲಿ—”

“ಅಲ್ಲ, ಕ್ಯಾಮಿಲಸ್.”

ಸಾರಿ ಹೇಳಲೆಂದು ಕ್ಯಾಮಿಲಸ್ ಸ್ಟೂಲಿನಿಂದ ಅರ್ಧ ಎದ್ದ, ಮತ್ತೆ ಕುಳಿತ. ಡೋರು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ, ಸಮಾಧಾನಕ್ಕಿರಬೇಕು. ಇಟ್ಟ ಕೈ ಅಲ್ಲೇ ನಿಂತಿತು. ಹೆಬ್ಬೆರಳು ಏನನ್ನೋ ಹುಡುಕಿತು.

“ಎಷ್ಟು ವರ್ಷದಿಂದ ಟೈಪ್ ಮಾಡ್ತಾ ಇದ್ದೀಯ?”

“ಹತ್ತೊಂಬತ್ತು.”

“ಬಲಗಡೆ ಕಲ್ಲಾಗಿದೆ. ಶರ್ಟು ತೆಗೆ.”

“ಬೇಡ ಸರ್, ನಾನು ಬಂದದ್ದು ಅದಕ್ಕಲ್ಲ. ನಾನು ಹೇಳಬೇಕು ಅಂತ...”

“ತೆಗೆ.”

ಕ್ಯಾಮಿಲಸ್ ನನ್ನತ್ತ ನೋಡಿದ. ನಾನು ಗೋಡೆಯ ಮೇಲಿದ್ದ ಬೆನ್ನುಮೂಳೆಯ ಚಿತ್ರ ನೋಡಿದೆ. ಡೋರು ಮೊಣಕೈ ಊರಿ ಒತ್ತಿದಾಗ ಕ್ಯಾಮಿಲಸ್ “ಅಯ್ಯೋ ಸಾಯ್ಬಾ!” ಎಂದು ಕೊಂಕಣಿಯಲ್ಲಿ ದೇವರನ್ನು ಕರೆದ. ಕಣ್ಣಿಂದ ನೀರು ಇಳಿಯಿತು. “ಉಸಿರು ಬಿಡು,” ಎಂದು ಹೇಳುತ್ತ ಡೋರು ಇನ್ನೂ ಕೆಳಗಿನ ಗಂಟಿಗೆ ಹೋದ. ಕ್ಯಾಮಿಲಸ್ ಬಿಡುತ್ತ, ಎಳೆಯುತ್ತ, ಮತ್ತೆ ಬಿಡುತ್ತ ಕುಳಿತಿದ್ದ.