ಮಾವ ಕಾರು ಕೊಳ್ಳುವುದಿಲ್ಲ

ಯಾವ ಮನೆಯವರು ಕಾರು ಕೊಳ್ಳುತ್ತಾರೆ, ಯಾವ ಮನೆಯವರು ಕೊಳ್ಳುವುದಿಲ್ಲ ಎಂದು ಮೊದಲೇ ಹೇಳುವ ಮಾಡೆಲ್ ಕಟ್ಟಿ ಪಿಎಚ್‌.ಡಿ. ಪಡೆಯಲು ಹೊರಟಿದ್ದ ನಾಗಭೂಷಣ್, ತುಮಕೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು. ವರಮಾನ, ವಯಸ್ಸು, ಬಸ್‌ಸ್ಟಾಪಿಗಿರುವ ದೂರ, ಗಾಡಿ ಓಡಿಸಬಲ್ಲವರು ಇದ್ದಾರೋ ಇಲ್ಲವೋ, ಇಷ್ಟು ತುಂಬಿದರೆ ಕಂಪ್ಯೂಟರು ಉತ್ತರ ಕೊಡುತ್ತಿತ್ತು. ಕುಣಿಗಲ್ ಕಡೆಯ ಮನೆಗಳಲ್ಲಿ ಅದು ಹೇಳಿದ್ದು ಬಹುಪಾಲು ನಿಜವಾದ ಮೇಲೆ ಮೇಷ್ಟ್ರ ನಡಿಗೆಯೇ ಬದಲಾಗಿತ್ತು.

ಅದೇ ಹುಮ್ಮಸ್ಸಿನಲ್ಲಿ ಒಂದು ಭಾನುವಾರ ಗುಬ್ಬಿಯ ಮಾವನ ಮನೆಯಲ್ಲಿ ಊಟಕ್ಕೆ ಕೂತವನು, ಯಾರೂ ಕೇಳದಿದ್ದರೂ ಬಾಯಿಬಿಟ್ಟ.

"ಮಾವ, ನಿಮ್ಮನೇದೂ ಹಾಕಿ ನೋಡ್ದೆ. ನೀವು ಕಾರು ತಗೊಳಲ್ಲ ಅಂತ ಬಂತು."

ತೆಂಗಿನ ತೋಟದ ಒಡೆಯ ಸಿದ್ದಗಂಗಯ್ಯನವರು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ಯಾಕೆ ತಗೊಳಲ್ಲ?"

"ಬಸ್‌ಸ್ಟಾಪು ಎದುರಿಗೇ ಇದೆ. ಓಡ್ಸೋರು ಯಾರೂ ಇಲ್ಲ. ವಯಸ್ಸು ಬೇರೆ..."

"ವಯಸ್ಸಿಗೇನಾಗೈತೆ?"

ಹೆಂಡತಿ ಶಶಿರೇಖಾ ಕಣ್ಣರಳಿಸಿ ಸನ್ನೆ ಮಾಡಿದಳು. ಅವನು ಅದನ್ನು ಮೆಚ್ಚುಗೆ ಎಂದುಕೊಂಡು, ವಯಸ್ಸಾದಂತೆ ಕಾರಿನ ಆಸೆ ಹೇಗೆ ಇಳಿಯುತ್ತದೆ ಎಂದು ಮಜ್ಜಿಗೆ ಬರುವವರೆಗೂ ವಿವರಿಸಿದ.

ತಿಂಗಳು ತುಂಬುವುದರೊಳಗೆ ತುಮಕೂರಿನ ಶೆಟ್ಟಿಹಳ್ಳಿಯ ಅವನ ಮನೆ ಮುಂದೆ ಹಾರ ಹಾಕಿದ ಕೆಂಪು ಕಾರು ಬಂದು ನಿಂತಿತು. ಕೂಲಿಗೆ ಕರೆತಂದ ಡ್ರೈವರ್ ಬಾಗಿಲು ತೆಗೆದ. ಮಾವ ಇಳಿದು, ಹೆಗಲ ಟವೆಲ್ಲಿನಿಂದ ಬಾನೆಟ್ ಒರೆಸಿ, "ನಿಮ್ ಕಂಪ್ಯೂಟ್ರಿಗೆ ತೋರ್ಸಿ ಅಳಿಯಂದ್ರೆ" ಎಂದರು.

ಅವನ ಗೈಡ್ ಲಕ್ಷ್ಮೀನರಸಿಂಹಯ್ಯನವರು ಕೇಳಿ ಬಿದ್ದು ಬಿದ್ದು ನಕ್ಕರು. "ನೀವೇ ಕೆಣಕಿ ಕೊಳ್ಳೋ ಹಂಗೆ ಮಾಡಿದೀರಲ್ರೀ. ಆ ಮನೇನ ಲೆಕ್ಕದಿಂದ ತೆಗೀರಿ."

ತೆಗೆದ. ತೆಗೆದು ಸುಮ್ಮನಿದ್ದರೆ ಆಗಿತ್ತು. ಪ್ರಾಮಾಣಿಕತೆಯ ಭೂತ ಹೊಕ್ಕು ಮಾವನಿಗೂ ಫೋನ್ ಮಾಡಿ ಹೇಳಿದ.

"ಅಂದ್ರೆ ಕಾರು ತಗೊಂಡ್ರೂ ನಾವು ಲೆಕ್ಕಕ್ಕಿಲ್ಲ ಅನ್ನಿ," ಎಂದು ಮಾವ ಫೋನ್ ಇಟ್ಟವರು ಮತ್ತೆ ಎತ್ತಲಿಲ್ಲ.

ಎರಡು ತಿಂಗಳಾದ ಮೇಲೆ ಅತ್ತೆ ರೇವಮ್ಮ ರಾಜಿ ಮಾಡಿಸಿದರು: ಎಲ್ಲರೂ ಮಾರ್ಕೋನಹಳ್ಳಿ ಡ್ಯಾಮಿಗೆ ಹೋಗುವುದು, ಅಳಿಯನೇ ಕಾರು ಓಡಿಸುವುದು. ಅವನ ಹತ್ತಿರ ಲೈಸೆನ್ಸೇನೋ ಇತ್ತು, ಓಡಿಸಿ ಮಾತ್ರ ವರ್ಷಗಳಾಗಿದ್ದವು. ಕುಣಿಗಲ್ ರಸ್ತೆಯ ಹಂಪಿನ ಮೇಲೆ ಕಾರು ಕೆಮ್ಮಿ ನಿಂತಿತು. ಮತ್ತೆ ಹೊರಡಿಸಿದ, ಮತ್ತೆ ನಿಂತಿತು. ಹಿಂದೆ ಲಾರಿಗಳ ಹಾರ್ನು.

"ಇಳೀರಿ," ಎಂದಳು ಶಶಿರೇಖಾ. ಅಪ್ಪ ಕಾರು ಬುಕ್ ಮಾಡಿದ ದಿನದಿಂದಲೇ ಅವಳು ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡಿದ್ದಳು. ಒಂದೇ ಮನೆಯಲ್ಲಿದ್ದೂ ಅವನಿಗೆ ಗೊತ್ತಿರಲಿಲ್ಲ.

ಉಳಿದ ದಾರಿಯನ್ನು ಅವನು ಹಿಂದಿನ ಸೀಟಿನಲ್ಲಿ ಚಿತ್ರಾನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಳೆದ. ಡ್ಯಾಮಿನ ಹತ್ತಿರ ಅವಳು ಕಾರು ರಿವರ್ಸ್ ತೆಗೆಯುವಾಗ ಇಳಿದು ನಿಂತು, "ಬರ್ಲಿ, ಬರ್ಲಿ, ಸಾಕು" ಎಂದು ಕೈ ಆಡಿಸಿದ.

ಮಾವ ಮುಂದಿನ ಕಿಟಕಿಯಿಂದ ತಲೆ ಹೊರಹಾಕಿದರು. "ಇದು ನಿಮ್ಗೆ ಚೆನ್ನಾಗಿ ಬರ್ತದೆ ಅಳಿಯಂದ್ರೆ."

ಹೇಳಿಕೊಳ್ಳಲು ನಾಚಿಕೆ, ಆದರೂ ಆ ಮಾತಿಗೆ ಅವನು ಹಿಗ್ಗಿದ.