ಎಂಟು ಎಳೆ, ಎಂಬತ್ತೊಂದು ನುಡಿ

“ಎಲ್ಲಿಗಂಟ ಕೇಳಿಸ್ತು?”

ಪಂಕಜಂ ಕೇಳಿದ್ದು ಯಾರನ್ನೂ ಅಲ್ಲ. ಮಣೆಯ ಮೇಲೆ ಅರಿಶಿನದ ಡಬ್ಬಿಗೆ ಒರಗಿಸಿಟ್ಟಿದ್ದ ಫೋನಿನಲ್ಲಿ ಇಪ್ಪತ್ತಮೂರು ಮುಖಗಳು ಬಾಯಿ ತೆರೆದದ್ದು ತೆರೆದಂತೆ, ಕಣ್ಣು ಮುಚ್ಚಿದ್ದು ಮುಚ್ಚಿದಂತೆ ನಿಂತುಬಿಟ್ಟಿದ್ದವು. ದೇವರ ಮನೆಯಲ್ಲಿ ಅವರನ್ನು ಬಿಟ್ಟರೆ ಇದ್ದದ್ದು ಕುಲದೇವತೆ ಅಮ್ಮನ ಪಟ ಮತ್ತು ದೀಪ.

ಸ್ವಲ್ಪ ಹೊತ್ತಿಗೆ ಫೋನಿಗೆ ಜೀವ ಬಂತು. ಹದಿನಾಲ್ಕನೇ ನುಡಿಯ ಎರಡನೇ ಸಾಲಿಗೆ ದನಿ ಹೋಯಿತೆಂದು ವಾಲ್ಪಾರೈಯಿಂದ ಕೃತ್ತಿಕಾ ಹೇಳಿದಳು. ಇಲ್ಲ, ಹದಿಮೂರಕ್ಕೇ ಹೋಯಿತೆಂದು ಅನ್ನೂರಿನವರು ಯಾರೋ ತಿದ್ದಿದರು. ಪಂಕಜಂ ಎರಡನ್ನೂ ಕೇಳಿಸಿಕೊಂಡು, ತಾಳ ಕೈಗೆತ್ತಿಕೊಂಡು ಮೊದಲನೇ ನುಡಿಯಿಂದ ಹಾಡತೊಡಗಿದರು. ಆ ಮೊದಲ ಶುಕ್ರವಾರದ ಸಂಜೆಗೆ ಅದು ಐದನೆಯ ಸಲ.

ಅಮ್ಮನ ಪದದ ಕಟ್ಟು ಅಂಥದು. ಎಂಬತ್ತೊಂದು ನುಡಿ. ಎಲ್ಲೂ ಬರೆದಿಟ್ಟಿಲ್ಲ, ಬರೆದಿಟ್ಟಿದ್ದರೂ ತಮಿಳುನಾಡಿನ ಅವಿನಾಶಿಯ ಆ ನೇಕಾರರ ಮನೆಗಳಲ್ಲಿ ಕನ್ನಡ ಆಡುವವರು ಇದ್ದಷ್ಟು ಓದುವವರಿಲ್ಲ. ಅತ್ತೆಯ ಬಾಯಿಂದ ಸೊಸೆಯ ಕಿವಿಗೆ ಬಂದದ್ದು. ತಮಿಳು ಪಂಚಾಂಗದ ಆಡಿ ತಿಂಗಳ ಒಂದು ಶುಕ್ರವಾರ, ಅಮ್ಮನ ಮುಂದೆ ದೀಪ ಹಚ್ಚಿ ಹಾಡಿದ್ದನ್ನು ಒಂದೇ ಸಲಕ್ಕೆ ಪೂರ್ತಿ ಕೇಳಿದವರಿಗೆ ಮಾತ್ರ ಅದನ್ನು ಹಾಡುವ ಹಕ್ಕು, ಉಳಿದವರ ಪಾಲಿಗೆ ಪಲ್ಲವಿಯಷ್ಟೇ. ನಡುವೆ ಮುರಿದರೆ ಮತ್ತೆ ಮೊದಲಿಂದ. ಇನ್ನೊಂದು ಕಟ್ಟೂ ಇತ್ತು. ಪದ ಕೊಟ್ಟುಬಿಟ್ಟವರು ಆಮೇಲೆ ಅದನ್ನು ಹಾಡುವಂತಿಲ್ಲ, ಕೂತು ಕೇಳಬೇಕು.

ಪಂಕಜಂ ಅವರ ಅತ್ತೆ ಪದ ಕೊಟ್ಟ ಮೇಲೆ ಹನ್ನೆರಡು ವರ್ಷ ಬದುಕಿದ್ದರು. ಒಂದು ಸಾಲನ್ನೂ ಬಾಯಿಗೆ ತಂದುಕೊಳ್ಳಲಿಲ್ಲ. ಸೊಸೆ ತಪ್ಪಿದ ಕಡೆ ಬೆರಳಿನಿಂದ ನೆಲ ತಟ್ಟುತ್ತಿದ್ದರು, ಉಳಿದ ಹೊತ್ತೆಲ್ಲ ಗೋಡೆಗೊರಗಿ ಕಣ್ಣುಮುಚ್ಚಿ ಕೂತಿರುತ್ತಿದ್ದರು. ಆ ಮುಖವನ್ನು ಪಂಕಜಂ ಮರೆತಿರಲಿಲ್ಲ. ತಾವು ಹಾಡತೊಡಗಿ ನಲವತ್ತೊಂದು ವರ್ಷ. ಪದ ಇನ್ನೊಬ್ಬರ ಬಾಯಲ್ಲಿ ಹೇಗಿರುತ್ತದೆಂಬುದೇ ಮರೆತುಹೋಗಿತ್ತು. “ಒಂದು ಸಲ ನಾನೂ ಕೇಳಬೇಕು ಕಣಮ್ಮ” ಎಂದು ಸೊಸೆ ಸರಣ್ಯಾಗೆ ಹೇಳಿದ್ದರು. ಅವರಿಗೆ ಎಪ್ಪತ್ತಮೂರು ವಯಸ್ಸು. ಮೇಲಿನ ಸ್ವರಕ್ಕೆ ಏರುವಾಗ ದನಿ ಈಚೆಗೆ ನಡುಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿತ್ತು. ಮುಂದಿನ ಆಡಿಯನ್ನು ನಂಬುವ ಹಾಗಿರಲಿಲ್ಲ.

ಸರಣ್ಯಾ ತಿರುಪ್ಪೂರಿನ ಬನಿಯನ್ ಕಂಪನಿಯೊಂದಕ್ಕೆ ಮನೆಯಿಂದಲೇ ಡಿಸೈನು ಮಾಡಿ ಕಳಿಸುವವಳು. ಹಿಂದಿನ ವರ್ಷ ಪದ ಕೇಳಲು ಬಂದವರು ಮೂರೇ ಜನ, ಅದರಲ್ಲಿ ಒಬ್ಬರು ನಿದ್ದೆಹೋದರು, ಇಬ್ಬರು ನಡುವೆಯೇ ಎದ್ದುಹೋದರು. ಶುಕ್ರವಾರವೆಂದರೆ ಎಲ್ಲರಿಗೂ ಕೆಲಸದ ದಿನ. ಅವರು ಬರಲಾಗದಿದ್ದರೆ ಪದವೇ ಅವರ ಮನೆಗೆ ಹೋಗಲಿ ಎಂದು ಫೋನಿನ ಏರ್ಪಾಡು ಮಾಡಿದ್ದು ಅವಳೇ. ತೊಂದರೆ ಮನೆಯದು. ಆ ಮನೆ ಅಗಲಕ್ಕಿಂತ ಉದ್ದ. ಮುಂದೆ ದೇವರ ಮನೆ, ನಡುವೆ ಎರಡು ಕೋಣೆ, ಕಟ್ಟಕಡೆಗೆ ಮಾವ ದಂಡಪಾಣಿಯವರ ಮಗ್ಗದ ಮನೆ. ಇಂಟರ್ನೆಟ್ಟಿನ ಕಂಬ ಹಿಂದಿನ ಗಲ್ಲಿಯಲ್ಲಿದ್ದುದರಿಂದ ವೈಫೈ ಪೆಟ್ಟಿಗೆ ಮಗ್ಗದ ಮನೆಯಲ್ಲೇ ಕೂತಿತ್ತು. ಸರಣ್ಯಾ ಪಕ್ಕದ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಿದ್ದುದರಿಂದ ಅವಳಿಗೆ ಇಷ್ಟು ದಿನ ಅದರ ಬಿಸಿ ತಟ್ಟಿರಲಿಲ್ಲ.

ಅವಳು ತನ್ನ ಚಿಕ್ಕಮ್ಮನ ಮಗ ದಿವಾಕರ್‌ನನ್ನು ಕರೆಸಿದಳು. ಅನ್ನೂರಿನವನು, ಕೊಯಮತ್ತೂರಿನ ಅಪಾರ್ಟ್‌ಮೆಂಟುಗಳಿಗೆ ನೆಟ್‌ವರ್ಕ್ ಹಾಕುವುದು ಅವನ ಕಸುಬು. ಬಂದವನು ಗೋಡೆಗೆ ಕೈಯಿಟ್ಟು ಅಳೆದ. ಒಂದೂವರೆ ಮೊಳ ದಪ್ಪ.

“ಅಕ್ಕಾ, ಇದು ಮನೆಯಲ್ಲ, ಕೋಟೆ. ಇದನ್ನ ತೂರೋಕೆ ವೈಫೈ ಸಾಕಾಗಲ್ಲ, ಫಿರಂಗಿ ತರಬೇಕು.”

ಗೋಡೆ ಕಟ್ಟಿದ್ದು ತಮ್ಮ ತಂದೆಯೆಂದೂ ಅದಕ್ಕೆ ತೂತು ಹಾಕುವ ಮಾತು ಬೇಡವೆಂದೂ ದಂಡಪಾಣಿ ಮಗ್ಗದಿಂದಲೇ ತಿಳಿಸಿದರು. ಹೊಸದಾಗಿ ಸುಣ್ಣ ಬಣ್ಣ ಆಗಿದೆ, ತಂತಿ ಜೋತಾಡಿಸಬೇಡ ಎಂದು ಸರಣ್ಯಾ ಸೇರಿಸಿದಳು. ಹೀಗಾಗಿ ದಿವಾಕರ್ ನಡುಕೋಣೆಯಲ್ಲಿ ಇನ್ನೊಂದು ವೈಫೈ ಪೆಟ್ಟಿಗೆ ಇಟ್ಟು, ಮೊದಲನೆಯದರಿಂದ ಹಿಡಿದು ಮುಂದಕ್ಕೆ ಕೊಡುವ ಹಾಗೆ ಮಾಡಿದ. ಆದರೆ ಎರಡನೆಯದಕ್ಕೇ ಸರಿಯಾಗಿ ಸಿಗುತ್ತಿರಲಿಲ್ಲ. ಕಿವುಡ ಕೇಳಿಸಿಕೊಂಡದ್ದನ್ನು ಮುಂದಿನವನಿಗೆ ಹೇಳಿದಂತಾಯಿತು. ಎರಡನೇ ಶುಕ್ರವಾರ ಪದ ಇಪ್ಪತ್ತೊಂದನೇ ನುಡಿ ದಾಟಲಿಲ್ಲ.

ಮೂರನೇ ವಾರ ಅವನು ಗೋಡೆಯ ಪ್ಲಗ್ಗಿಗೆ ಚುಚ್ಚುವ ಜೋಡಿ ಪೆಟ್ಟಿಗೆಗಳನ್ನು ತಂದ. ಮನೆಯ ಕರೆಂಟಿನ ತಂತಿಯಲ್ಲೇ ಇಂಟರ್ನೆಟ್ಟೂ ಹೋಗುತ್ತದೆ, ಹೊಸ ತಂತಿ ಬೇಡ, ತೂತು ಬೇಡ. ಮಧ್ಯಾಹ್ನ ನೋಡಿದಾಗ ಚೆನ್ನಾಗಿಯೇ ಇತ್ತು. ಅದು ಪಕ್ಕದ ಶಣ್ಮುಗಂ ಅವರ ಪವರ್‌ಲೂಮ್‌ಗಳು ಊಟಕ್ಕೆ ನಿಂತ ಹೊತ್ತೆಂದು ಯಾರಿಗೂ ಹೊಳೆಯಲಿಲ್ಲ. ಸಂಜೆ ಆ ಮೋಟಾರುಗಳ ಗದ್ದಲವೆಲ್ಲ ಕರೆಂಟಿನ ತಂತಿ ಹಿಡಿದು ಇತ್ತ ಬಂತು. ಅವು ಟೀಗೆ ನಿಂತಾಗ ಪದ ಸಲೀಸಾಗಿ ಹನ್ನೆರಡು ನುಡಿ ಓಡಿತು. ಸರಣ್ಯಾ ಕಾಂಪೌಂಡಿನ ಬಳಿ ಹೋಗಿ, ಇನ್ನೊಂದು ಟೀ ಕುಡಿಯಬಹುದಾ ಅಣ್ಣ ಎಂದು ತಮಿಳಿನಲ್ಲಿ ಕೇಳಿದಳು. ಶಣ್ಮುಗಂ ಒಳ್ಳೆಯ ಮನುಷ್ಯ. ಅಮ್ಮನ ಹೆಸರಲ್ಲಿ ಇನ್ನೂ ಎರಡು ಟೀ ಕುಡಿದರು. ನಾಲ್ಕನೆಯದಕ್ಕೆ ಕೈಮುಗಿದು, ನಾಳೆ ಸರಕು ಕೊಡಬೇಕಮ್ಮ ಎಂದು ಮಗ್ಗ ಹಾಕಿಸಿದರು. ಪದ ಮೂವತ್ಮೂರಕ್ಕೆ ಮುರಿಯಿತು.

ಭಾನುವಾರ ದಿವಾಕರ್ ಯಾರನ್ನೂ ಕೇಳದೆ ನೀಲಿ ಕೇಬಲ್ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡೇ ಬಂದ.

“ಮೊದಲೇ ಇದನ್ನ ಎಳೀಬೇಕಿತ್ತು. ಗಾಳೀಲಿ ಹೋಗೋದಕ್ಕೆ ಊರಿನವರ ಕಾಟ ಎಲ್ಲ ಇರತ್ತೆ. ಇದಕ್ಕೆ ಅಂತಲೇ ತಂತಿ ಇದ್ರೆ, ಅದರ ದಾರಿಗೆ ಯಾರೂ ಬರಲ್ಲ.”

ಗೋಡೆಗೆ ತೂತು ಬೇಕಾಗಲಿಲ್ಲ. ಮಗ್ಗದ ಮೇಲಿನ ತೊಲೆಯ ಉದ್ದಕ್ಕೂ ಹಾಯಿಸಿ, ಗಾಳಿಕಿಂಡಿಗಳಲ್ಲಿ ತೂರಿಸಿ, ದೇವರ ಮನೆಯ ಬಾಗಿಲವರೆಗೆ ತಂದು ಅಲ್ಲಿ ಪುಟ್ಟ ವೈಫೈ ಪೆಟ್ಟಿಗೆ ಇಟ್ಟ. ದೂರದ ದಾರಿಯೆಲ್ಲ ತಂತಿಯದು, ಕಡೆಯ ನಾಲ್ಕು ಮೊಳ ಮಾತ್ರ ಗಾಳಿಯದು. ವೇಗ ಅಳೆದು ನೋಡಿದರೆ ಮಗ್ಗದ ಮನೆಯಲ್ಲಿ ಇದ್ದಷ್ಟೇ ದೇವರ ಮನೆಯಲ್ಲೂ ಇತ್ತು. ನೀಲಿ ತಂತಿ ಬಣ್ಣಕ್ಕೆ ಒಪ್ಪುವುದಿಲ್ಲವೆಂದು ಸರಣ್ಯಾ ಮುಖ ಸಿಂಡರಿಸಿದರೂ, ಬುಧವಾರದವರೆಗೆ ಆ ಮನೆಯಲ್ಲಿ ಎಲ್ಲರೂ ಸುಖವಾಗಿದ್ದರು.

ಆದರೂ ನಾಲ್ಕನೇ ಶುಕ್ರವಾರ ಪದ ಮತ್ತೆ ಮುರಿಯಿತು. ಪೂರ್ತಿ ನಿಲ್ಲದು, ತೊದಲುವುದು, ಒಂದೊಂದು ಅಕ್ಷರ ನುಂಗುವುದು. ಮೊದಲು ಮೂವತ್ತೆಂಟಕ್ಕೆ, ಆಮೇಲೆ ಹತ್ತೊಂಬತ್ತಕ್ಕೆ, ಮೂರನೇ ಸಲ ನಲವತ್ತನಾಲ್ಕಕ್ಕೆ. ಅಲ್ಲಿಗೆ ಪಂಕಜಂ ಅವರ ಗಂಟಲೇ ಕಟ್ಟಿತು. ಅವರು ತಾಳವನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದೇ ವಾರ ಇದೆಯಲ್ಲ ಎಂದು ಅಮ್ಮನ ಪಟಕ್ಕೆ ಹೇಳಿದರು. ಸರಣ್ಯಾ ಆ ವಾರವೆಲ್ಲ ದಿವಾಕರ್‌ಗೆ ಫೋನ್ ಮಾಡಿದಳು. ಅವನು ಆ ವಾರವೆಲ್ಲ ಆಫ್ ಮಾಡಿ ಆನ್ ಮಾಡಿ ನೋಡು ಅಕ್ಕಾ ಎಂದ.

ಕಡೆಯ ಶುಕ್ರವಾರ ನಾಲ್ಕು ಗಂಟೆಗೆ ಅವನು ಬಂದು, ತಂತಿ ಅಳೆಯುವ ಯಂತ್ರವನ್ನು ತುದಿಗೆ ಸಿಕ್ಕಿಸಿದ. ಪೆಟ್ಟಿಗೆಯಿಂದ ಮೂರು ಮೀಟರಿನಾಚೆ ದೋಷ ಇದೆಯೆಂದು ಅದು ತೋರಿಸಿತು. ಮೂರು ಮೀಟರೆಂದರೆ ಮಗ್ಗದ ತಲೆಯ ಮೇಲೆ. ಅವನು ಏಣಿ ತಂದಿಡುವಾಗ, ಬೆಳಗಿನಿಂದ ಒಂದೇ ಲಯದಲ್ಲಿ ಬರುತ್ತಿದ್ದ ಮಗ್ಗದ ಸದ್ದು ನಿಂತಿತು.

“ನಾನೇ,” ಎಂದರು ದಂಡಪಾಣಿ. “ಹೋದ ವಾರದ ಗುರುವಾರ. ಹಳೇ ಹಗ್ಗ ಅಂದ್ಕೊಂಡು ಕೊಯ್ದುಬಿಟ್ಟೆ.”

ದಿವಾಕರ್ ತೊಲೆಯತ್ತ ಕತ್ತೆತ್ತಿದ್ದನ್ನು ಕಂಡು ಅವರು ಮುಂದುವರಿಸಿದರು. “ಬಿಟ್ಟಿಲ್ಲ. ಕಟ್ಟಿದ್ದೀನಿ. ಎಂಟೂ ಎಳೆ, ಬಣ್ಣಕ್ಕೆ ಬಣ್ಣ ನೋಡಿ.”

ಹರಿದ ಎಳೆಯನ್ನು ಹಾಗೇ ಬಿಟ್ಟು ನೀರು ಕುಡಿಯಲೂ ಏಳದ ಕೈ ಅದು. ದಿವಾಕರ್ ಏಣಿ ಹತ್ತಿ ನೋಡಿದ. ಒಂದು ಗೇಣಿನುದ್ದ ಹೊರಗಿನ ನೀಲಿ ಸಿಪ್ಪೆ ಸುಲಿದು, ಒಳಗಿನ ಎಳೆಗಳನ್ನು ಬಿಡಿಸಿ, ಬಾಚಿ, ಹಾಸಿನ ನೂಲಿನಂತೆ ನೆಟ್ಟಗೆ ಪಕ್ಕಪಕ್ಕ ಇಟ್ಟು, ತಾಮ್ರವನ್ನು ಸಾಸಿವೆ ಕಾಳಿನಷ್ಟೇ ಗಂಟುಗಳಾಗಿ ಕಟ್ಟಿತ್ತು. ಅವನು ಏಣಿಯ ಮೇಲೇ ಕೂತುಬಿಟ್ಟ.

“ತಾತಾ, ಹತ್ತು ವರ್ಷದ ಸರ್ವೀಸಲ್ಲಿ ಇಷ್ಟು ಚೆಂದದ ತಪ್ಪು ನಾನು ನೋಡೇ ಇಲ್ಲ.”

ಆಮೇಲೆ ಕೆಳಗಿಳಿದು ತಪ್ಪೇನೆಂದು ಹೇಳಿದ. ಎಳೆಗಳು ಎರಡೆರಡು ಹೊಸೆದುಕೊಂಡಿದ್ದವಲ್ಲ, ಅದು ಸುಮ್ಮನೆ ಅಲ್ಲ. ಹೊಸೆದುಕೊಂಡಿದ್ದರೆ ಒಂದು ಜೋಡಿಯ ಮಾತು ಪಕ್ಕದ ಜೋಡಿಗೆ ಕೇಳಿಸದು, ಹೊರಗಿನ ಗದ್ದಲವೂ ಒಳಗೆ ಬಾರದು. ಬಿಚ್ಚಿ ನೆಟ್ಟಗೆ ಮಲಗಿಸಿದರೆ ಎಂಟೂ ಒಂದರ ಮಾತಿನಲ್ಲಿ ಒಂದು ಬಾಯಿ ಹಾಕುತ್ತವೆ.

ದಂಡಪಾಣಿ ಹಣೆಗೆ ಕೈಯಿಟ್ಟುಕೊಂಡರು. “ಹುರಿ ಬಿಚ್ಚಿಬಿಟ್ಟೆನಾ? ಹುರಿ ಬಿಚ್ಚಿದವನ ಕೈಗೆ ನಮ್ಮಪ್ಪ ಕೋಲು ತಗೊಂಡು ಹೊಡೀತಿದ್ರು. ಐವತ್ತೈದು ವರ್ಷ ನೇಯ್ದು ನಾನೇ ಬಿಚ್ಚಿದೆ ನೋಡು.”

ಮಾವ ಇಷ್ಟು ಉದ್ದ ಮಾತಾಡಿದ್ದನ್ನು ಸರಣ್ಯಾ ಮದುವೆಯಾದಾಗಿನಿಂದ ಕೇಳಿರಲಿಲ್ಲ. ನಗು ಬಂದರೂ ಗಡಿಯಾರ ನೋಡಿ ಅದನ್ನು ನುಂಗಿಕೊಂಡಳು. ಐದು ಗಂಟೆ. ಹೊಸ ಕೇಬಲ್ ತರಲು ಕೊಯಮತ್ತೂರಿಗೆ ಹೋಗಿ ಬರುವಷ್ಟರಲ್ಲಿ ಆಡಿ ಮುಗಿದಿರುತ್ತದೆ. ಗಂಟಿನ ಭಾಗವನ್ನು ಕತ್ತರಿಸಿ ತೆಗೆದು, ಎರಡೂ ತುದಿಗೆ ಪ್ಲಗ್ ಕೂರಿಸಿ, ನಡುವೆ ಜೋಡಣೆಯ ತುಂಡು ಹಾಕಬಹುದು ಎಂದ ದಿವಾಕರ್. ಅದಕ್ಕೆ ಪ್ಲಗ್ ಎರಡು ಬೇಕು, ಅವನ ಚೀಲದಲ್ಲಿದ್ದದ್ದು ನಾಲ್ಕು. ಅವಸರಕ್ಕೆ ಬಣ್ಣ ಅದಲುಬದಲಾಗಿ ಎರಡು ಹಾಳಾದವು. ಮೂರನೆಯದನ್ನು ಹಿಡಿದ ಅವನ ಬೆರಳು ಬೆವತು ಜಾರುತ್ತಿತ್ತು.

ದಂಡಪಾಣಿ ಮಗ್ಗದ ಗುಂಡಿಯಿಂದ ಮೇಲೆ ಬಂದು, ಕೈತೊಳೆದು ಒರೆಸಿಕೊಂಡು, ಬೆರಳಿಗೆ ವಿಭೂತಿ ಹಚ್ಚಿಕೊಂಡು ಕೂತರು.

“ಇಲ್ಲಿ ಕೊಡು. ನೀನು ಬಣ್ಣ ಹೇಳು.”

“ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ. ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು.”

“ಇನ್ನೊಂದು ಸಲ.”

ಅವನು ಮತ್ತೆ ಹೇಳಿದ. ದೇವರ ಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಪಂಕಜಂ, ಒಳಗಿಂದ ಬಂದ ಆ ಎಂಟು ಬಣ್ಣಗಳಿಗೆ ತಮಗರಿವಿಲ್ಲದೆ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನಾಲ್ಕು, ನಾಲ್ಕು. ಚೆನ್ನಾಗಿ ಕೂತಿತು. ಮಗ್ಗದ ಹಣಿಗೆಯ ಸೀಳುಗಳಲ್ಲಿ ಸಾವಿರಾರು ಎಳೆ ತೂರಿಸಿದ ಕೈಗೆ ಎಂಟು ದೊಡ್ಡದಲ್ಲ. ಹುರಿಯನ್ನು ಪ್ಲಗ್ಗಿನ ಬಾಯಿವರೆಗೂ ಬಿಚ್ಚದೆ ತಂದು, ಕಣ್ಣಿಗೆ ಕಾಣದ್ದನ್ನು ಉಗುರಿನಲ್ಲಿ ಗುರುತು ಹಿಡಿದು, ದಂಡಪಾಣಿ ಎಂಟನ್ನೂ ಒಟ್ಟಿಗೆ ಒಳಗೆ ನೂಕಿದರು. ಎರಡನೆಯದೂ ಹಾಗೆಯೇ. ದಿವಾಕರ್ ಅವನ್ನು ಒತ್ತಿ, ಪರೀಕ್ಷೆಯ ಪೆಟ್ಟಿಗೆ ಸಿಕ್ಕಿಸಿದ. ಎಂಟು ಹಸಿರು ದೀಪ, ಒಂದರ ಹಿಂದೆ ಒಂದು.

ಆರೂಕಾಲಿಗೆ ದೀಪ ಹಚ್ಚಿದರು. ಶಣ್ಮುಗಂ ಅವರ ಮಗ್ಗಗಳೆಲ್ಲ ಓಡುತ್ತಿದ್ದವು, ಓಡಲಿ ಎಂದು ಬಿಟ್ಟರು. ದಿವಾಕರ್ ಏಣಿಯ ಬುಡದಲ್ಲಿ ಪೆಟ್ಟಿಗೆಯ ಹಸಿರು ಮಿಣುಕನ್ನೇ ನೋಡುತ್ತ ಕೂತ. ದಂಡಪಾಣಿ ಮಗ್ಗ ಮುಟ್ಟಲಿಲ್ಲ. ದೇವರ ಮನೆಯ ಹೊಸ್ತಿಲಾಚೆ ಬಂದು ಕೈಕಟ್ಟಿ ನಿಂತರು. ಹದಿನಾಲ್ಕು ದಾಟಿತು, ಮೂವತ್ಮೂರು ದಾಟಿತು. ನಲವತ್ತನಾಲ್ಕರಲ್ಲಿ ಸರಣ್ಯಾ ಉಸಿರು ಹಿಡಿದಳು, ಅದೂ ದಾಟಿತು. ಅರವತ್ತರ ಮೇಲೆ ಪಂಕಜಂ ಅವರ ದನಿ ಎರಡು ಕಡೆ ಮೆಟ್ಟಿಲಲ್ಲಿ ನಿಂತಿತು. ನಿಂತಾಗ ಫೋನಿನೊಳಗಿಂದ ಪಲ್ಲವಿ ಹಿಡಿದವರು ಅದನ್ನು ಮೇಲಕ್ಕೆತ್ತಿಕೊಂಡರು. ಎಂಬತ್ತೊಂದನೇ ನುಡಿಯ ಕಡೆಯ ಅಕ್ಷರಕ್ಕೆ ತಾಳ ಬಿದ್ದಾಗ ದೀಪದಲ್ಲಿ ಇನ್ನೂ ಒಂದು ಬೆರಳಿನಷ್ಟು ಎಣ್ಣೆ ಇತ್ತು.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಗದ್ದಲ ತಗ್ಗಿದ ಮೇಲೆ ಒಂದು ಸಣ್ಣ ದನಿ ಉಳಿಯಿತು. ವಾಲ್ಪಾರೈಯ ಕೃತ್ತಿಕಾ. ತನ್ನ ಕಡೆ ಮಂಜು ಬಿದ್ದು ಫೋನ್ ಒಂದು ನಿಮಿಷ ಹೋಗಿತ್ತಂತೆ, ಐವತ್ತೆರಡನೇ ನುಡಿ ಸಿಗಲಿಲ್ಲವಂತೆ. ತನಗೆ ಅದೊಂದೇ ಸಾಕು, ಇನ್ನೊಂದು ಸಲ ಹೇಳಿಕೊಡುತ್ತೀರಾ ಅವ್ವಾ ಎಂದು ಕೇಳಿದಳು.

ಪದ ಮುಗಿದೊಡನೆ ಇತ್ತ ಓಡಿಬಂದಿದ್ದ ದಿವಾಕರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮೊದಲಿಂದ, ಎಂಬ ಮಾತಿಗೆ ಎಲ್ಲರೂ ಕಾದರು.

ಪಂಕಜಂ ತಾಳವನ್ನು ಒರೆಸಿ, ಬಟ್ಟೆಯ ಚೀಲಕ್ಕೆ ಹಾಕಿ, ದಾರ ಬಿಗಿದು ಕಟ್ಟಿದರು. ಹಿಂದಕ್ಕೆ ಸರಿದು ಗೋಡೆಗೆ ಒರಗಿ, ಕಾಲು ಚಾಚಿ, ಕಣ್ಣು ಮುಚ್ಚಿದರು.

“ಇಲ್ಲ. ಪದ ಕೊಟ್ಟಾಯ್ತು, ಇನ್ನು ನಾನು ಹಾಡೋದಿಲ್ಲ. ಪೂರ್ತಿ ಕೇಳಿದವರು ಇಪ್ಪತ್ತೆರಡು ಜನ ಅಲ್ಲೇ ಇದ್ದಾರಲ್ಲ, ಅವರನ್ನ ಕೇಳು.”