ಭಾಲ್ಕಿಯ ನಾಲ್ಕು ತುಣುಕು

ಆಬೇದಾಳಿಗೆ ಯಾರ ಮೇಲೆಯೂ ನಂಬಿಕೆ ಇಲ್ಲ ಅಂದರೆ ತಪ್ಪಾದೀತು. ನಂಬಿಕೆ ಇತ್ತು, ಆದರೆ ವಿಚಾರಣೆ ಮುಗಿದ ಮೇಲೆ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಸುರಿದಿದ್ದಾನೆ ಅನ್ನುವಳು. ನಗದಿದ್ದರೆ, ಕಳ್ಳ, ಸಿಕ್ಕಿಬೀಳುವ ಹೆದರಿಕೆ ಅವನಿಗೆ ಅನ್ನುವಳು. ಅವಳಿದ್ದ ಚಿದ್ರಿಯ ಗಲ್ಲಿಗೆಲ್ಲ ಇದು ಗೊತ್ತಿದ್ದ ವಿಷಯವೇ. ಅಂಥವಳು ಮಗಳ ಸಂಬಂಧದ ಮಾತು ಬಂದಾಗ ಸುಮ್ಮನೆ ಕೂತಾಳೆಯೇ?

ಮಗಳು ಆಯೆಶಾ ಮೈಲೂರಿನ ಒಂದು ಶಾಲೆಯಲ್ಲಿ ಟೀಚರ್. ಭಾಲ್ಕಿಯಿಂದ ಸಂಬಂಧ ಬಂದಿತ್ತು. ಹುಡುಗ ಏಜಾಜ, ಅವನ ತಾಯಿ ಮಹಮೂದಾ ಬೇಗಂ. ಭಾನುವಾರ ಅವರ ಮನೆ ನೋಡಿ ಬರಲು ಆಬೇದಾಳೇ ಹೋಗಬೇಕಿತ್ತು. ಸುಡುಗಾಡು ಮೊಣಕಾಲು ಅವತ್ತೇ ಊದಿಕೊಳ್ಳಬೇಕೇ! ಗಂಡನ ತಂಗಿ ಫರಹತ ಹೋಗಿ, ಹುಡುಗಿಯ ಫೋಟೋ ತೋರಿಸಿ ಬಂದಳು.

"ಎಲ್ಲಾ ಛಲೋ ಆಗ್ಯದ, ನೀ ಏನೂ ಕಾಳಜಿ ಮಾಡಬ್ಯಾಡ," ಅಂದಳು ಫರಹತ.

ಅಷ್ಟು ಸಾಕಾಯಿತು. ಕಾಳಜಿ ಮಾಡಬೇಡ ಅಂದಳೆಂದರೆ ಕಾಳಜಿ ಮಾಡುವಂಥದ್ದು ಏನೋ ನಡೆದಿದೆ. ನಾದಿನಿಯ ಬಾಯಿಂದ ಛಲೋ ಮಾತು ಬಂದದ್ದಾದರೂ ಯಾವಾಗ?

ಫರಹತ ಅಲ್ಲಿ ಹೆಂಗಸರ ಕೋಣೆಯಲ್ಲಿ ವಿಡಿಯೋ ತೆಗೆದಿದ್ದಳು. ಅವಳದು ಸ್ಟೇಟಸ್ ಹಾಕುವ ಚಟ. ಏನು ತೆಗೆದರೂ ಸ್ಟೇಟಸ್ಸಿಗೆ ಹಿಡಿಸುವಷ್ಟೇ ತೆಗೆಯುವಳು. ಹೀಗಾಗಿ ಆಬೇದಾಳ ಫೋನಿಗೆ ನಾಲ್ಕು ತುಣುಕು ಬಂದು ಬಿದ್ದವು. ಔರಾದದಿಂದ ಆಬೇದಾಳ ತಾಯಿ ಫೋನ್ ಮಾಡಿ ಹಟ ಹಿಡಿದಳು.

"ತುಣುಕು ತುಣುಕು ನನಗ ನೋಡ್ಲಿಕ್ಕ ಬರಲ್ಲವ್ವ. ಎಲ್ಲಾ ಒಂದ್ ಮಾಡಿ ಕಳಸು, ಟಿವ್ಯಾಗ ಹಚ್ಕೊಂಡು ನೋಡ್ತೇನಿ."

ಆಯೆಶಾಳಿಗೆ ಹೇಳಿದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡಿಕೊಡುತ್ತಿದ್ದಳು. ಆದರೆ ತನಗೆ ಬೇಡವಾದದ್ದನ್ನು ಕತ್ತರಿಸಿ ಒಗೆದರೆ? ಬೇಡಪ್ಪ ಬೇಡ. ಮಗಳು ಶಾಲೆಗೆ ಹೋದ ಮೇಲೆ ಆಬೇದಾ ತಾನೇ ಒಂದು ಆ್ಯಪ್ ಇಳಿಸಿಕೊಂಡಳು. ಅದು ಫೋನಿನೊಳಗಿನ ವಿಡಿಯೋ ನೋಡಲು ಅನುಮತಿ ಕೇಳಿತು. "ನಮ್ಮ ಮನಿ ವಿಡಿಯೋ ನಿನಗ್ಯಾಕ ಬೇಕು?" ಎಂದು ಅದಕ್ಕೂ ಗದರಿ, ಬೇರೆ ದಾರಿಯಿಲ್ಲದೆ ಹೂಂ ಒತ್ತಿದಳು.

ಬಂದ ಸಾಲಿನಲ್ಲೇ ನಾಲ್ಕನ್ನೂ ಆರಿಸಿದಳು. ಒಂದು, ಎರಡು ಎಂದು ಅಂಕಿ ಬಿದ್ದವು. ಆದರೆ ಕೆಳಗಿನ ಪಟ್ಟಿಯಲ್ಲಿ ಒಂದನೆಯ ತುಣುಕು ಎಡತುದಿಗೆ ಹೋಗಿ ಕೂತಿತ್ತು. "ಹಾಳಾದ್ದು, ಮೊದಲಿಂದು ಕೊನಿಗ ಹಾಕ್ಯದ!" ಎಂದು ಬೈದು, ಬೆರಳಿಟ್ಟು ಎಳೆದೆಳೆದು, ಒಂದನೆಯದನ್ನು ಬಲತುದಿಗೆ ತಂದು, ಉಳಿದವನ್ನು ಅದರ ಎಡಕ್ಕೆ ಸಾಲಾಗಿ ಕೂರಿಸಿದಳು. ಆಮೇಲೆ ಕನ್ನಡಕ ಏರಿಸಿ ನೋಡಲು ಕೂತಳು.

ಬಾಗಿಲಲ್ಲಿ ಮಹಮೂದಾ ಬೇಗಂ ಫರಹತಳನ್ನು ತಬ್ಬಿಕೊಂಡು ನಗುತ್ತಿದ್ದಾಳೆ. ಆಮೇಲೆ ಅರ್ಧ ಖಾಲಿಯಾದ ತಟ್ಟೆಯಿಂದ ಮಿಠಾಯಿ ಎತ್ತಿ ಫರಹತಳ ಬಾಯಿಗಿಡುತ್ತಿದ್ದಾಳೆ. ಆಮೇಲೆ ಆಯೆಶಾಳ ಫೋಟೋ ಕೈಗೆ ತೆಗೆದುಕೊಳ್ಳುತ್ತಾಳೆ. ಆಮೇಲೆ? ಮುಖ ಗಂಟಿಕ್ಕಿಕೊಂಡು, ಕಿಟಕಿ ಕಡೆ ತಿರುಗಿ ಕೂತಿದ್ದಾಳೆ. ಅಲ್ಲಿಗೆ ಮುಗಿಯಿತು.

ಆಬೇದಾಳ ಮೈ ಉರಿದುಹೋಯಿತು. ನಗುನಗುತ್ತ ಕರೆದುಕೊಂಡವಳು, ಬಾಯಿಗೆ ಮಿಠಾಯಿ ಇಟ್ಟವಳು, ಫೋಟೋ ನೋಡಿದ್ದೇ ತಡ ಮುಖ ತಿರುವಿದಳು! ನನ್ನ ಮಗಳಿಗೆ ಏನು ಕಡಿಮೆಯಾಗಿದೆ? ಇದನ್ನೇ ಅಲ್ಲವೇ ನಾದಿನಿ ಮುಚ್ಚಿಟ್ಟದ್ದು? ಅವರು ಬೇಡ ಅನ್ನುವ ಮೊದಲು ನಾವೇ ಅಂದುಬಿಡಬೇಕು. ವಿಡಿಯೋ ಭಾಲ್ಕಿಗೆ ಕಳಿಸಿ, ಬೆನ್ನಿಗೇ ವಾಯ್ಸ್ ಮೆಸೇಜು ಬಿಟ್ಟಳು.

"ನಮ್ಮ ಹುಡುಗಿ ಫೋಟೋ ನೋಡಿ ಮಾರಿ ಗಂಟ್ ಹಾಕೋ ಮನಿಗ ನಾವು ಹುಡುಗಿ ಕೊಡಲ್ರಿ. ಮಾತು ಇಲ್ಲಿಗೇ ಮುಗೀತು."

ಸಂಜೆ ಆಯೆಶಾ ಬಂದಾಗ ಆಬೇದಾ ಎಲ್ಲವನ್ನೂ ಹೇಳಿ, ಸಾಕ್ಷಿಗೆ ಫೋನ್ ಮುಂದಿಟ್ಟಳು. ಹುಡುಗಿಯ ಮುಖ ಬಿಳಿಚಿತು. ವಿಡಿಯೋ ನೋಡಿದಳು, ಮತ್ತೆ ನೋಡಿದಳು.

"ಅಮ್ಮಿ, ಕೊನಿಗ ತಟ್ಟಿ ತುಂಬ ಮಿಠಾಯಿ ಅದ. ತಿಂದ ಮಿಠಾಯಿ ತಿರುಗಿ ಹ್ಯಾಂಗ ಬಂತು?"

"ಮತ್ತೊಂದು ತಟ್ಟಿ ತಂದಿರ್ತಾರ. ತಿಂದು ಎದ್ದು ಹೋಗ್ರಿ ಅಂತ!"

ಆಯೆಶಾ ಆ್ಯಪ್ ತೆರೆದು ಪಟ್ಟಿ ನೋಡಿ ಹಣೆ ಹಣೆ ಬಡಿದುಕೊಂಡಳು. "ಇದೇನು ಉರ್ದು ಕಿತಾಬ ಅಲ್ಲ ಅಮ್ಮಿ, ಬಲದಿಂದ ಓದ್ಲಿಕ್ಕ. ಇದು ಎಡದಿಂದ ಓಡ್ತದ."

ತುಣುಕುಗಳನ್ನು ಅದಲುಬದಲು ಮಾಡಿ ಹಚ್ಚಿದಳು. ಗಂಟುಮುಖ ಮೊದಲು ಬಂತು. ಫೋಟೋ ಕೈಗೆ ಬಂದಿತು, ಮಿಠಾಯಿ ಬಾಯಿಗೆ ಹೋಯಿತು, ಬಾಗಿಲಲ್ಲಿ ನಗುನಗುತ್ತ ಬೀಳ್ಕೊಟ್ಟರು. ಆಬೇದಾ ಫೋನ್ ಕಸಿದುಕೊಂಡು ವಾಯ್ಸ್ ಮೆಸೇಜು ಅಳಿಸಲು ಹೋದಳು. ಅವರು ಕೇಳಿಯಾಯಿತು ಎನ್ನುವ ನೀಲಿ ಗೆರೆ ಬಿದ್ದು ಎಷ್ಟೋ ಹೊತ್ತಾಗಿತ್ತು. ಅಷ್ಟರಲ್ಲಿ ಭಾಲ್ಕಿಯ ಫೋನೇ ಬಂತು.

"ನನ್ನ ಮಾರಿ ಗಂಟ್ ಹಾಕಿತ್ತು, ಖರೇ ಅದರಿ," ಅಂದಳು ಮಹಮೂದಾ ಬೇಗಂ. "ಯಾಕ ಗೊತ್ತೇನ್ರಿ? ಹುಡುಗಿ ತಾಯೇ ಬಂದಿಲ್ಲ, ನಮ್ಮ ಮನಿ ಅವರಿಗಿ ಸೇರಿಲ್ಲ ಅಂತ ನನಗ ಶಕ್ ಬಂದಿತ್ತು. ಫೋಟೋ ನೋಡಿ ಅದೆಲ್ಲ ಮರತೆ. ಈಗ ನೋಡಿದ್ರ ನನ್ನ ಶಕ್ಕೇ ಖರೇ ಆಯ್ತಲ್ರಿ."

"ಹಂಗಲ್ರಿ, ನಾ ವಿಡಿಯೋ ಉಲ್ಟಾ ಜೋಡಿಸಿದ್ದೆ..."

"ವಿಡಿಯೋ ಸೀದಾ ಮಾಡಬಹುದ್ರಿ. ನಿಮ್ಮ ಮಾತು ನನ್ನ ಮಗ ಬಾಜೂಕ ಕೂತು ಕೇಳ್ಯಾನ. ಅದನ್ನ ಹ್ಯಾಂಗ ಸೀದಾ ಮಾಡ್ತೀರಿ?"

ಮಗಳ ಬಾಳಿಗೆ ತಾನೇ ಕಲ್ಲು ಹಾಕಿದೆನಲ್ಲ ಎಂದು ಆಬೇದಾ ಆಯೆಶಾಳ ಕಡೆ ತಿರುಗಿದಳು. ಆಗ ಆಯೆಶಾ ಕೈಚಾಚಿ ಫೋನ್ ತೆಗೆದುಕೊಂಡಳು.

"ಸಲಾಂ, ಖಾಲಾ. ಬ್ಯಾಡ ಅಂದಿದ್ದು ಅಮ್ಮಿ. ನನಗ ಯಾರೂ ಕೇಳೇ ಇಲ್ರಿ. ಕೇಳಿದ್ರ ನಾ ಹೂಂ ಅಂತಿದ್ದೆ. ಈಗೂ ಹೂಂ ಅಂತೇನಿ."

ಆ ಕಡೆ ಮಹಮೂದಾ ಬೇಗಂ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ಶುಕ್ರವಾರ ಜುಮ್ಮಾ ದಿನ ನಾವು ಚಿದ್ರಿಗಿ ಬರ್ತೇವಿ ಅಂತ ನಿಮ್ಮಮ್ಮಿಗಿ ಹೇಳವ್ವ. ಆಕಿಗಿ ಕೇಳ್ಲಿಕ್ಕಲ್ಲ. ನಿನಗ ಕೇಳ್ಲಿಕ್ಕ."

ಫೋನ್ ಇಟ್ಟ ಮಗಳನ್ನು ಆಬೇದಾ ನೋಡಿದಳು. ಇಷ್ಟು ಗಟ್ಟಿಯಾಗಿ ಹೂಂ ಅಂದಳಲ್ಲ, ಇವಳು ಆ ಹುಡುಗನನ್ನು ಎಲ್ಲಿ ನೋಡಿದಳು? ಯಾವಾಗ ನೋಡಿದಳು? ಮಾತಾಡಿದ್ದಾಳೆಯೇ? ಎಷ್ಟು ದಿನದಿಂದ? ಪ್ರಶ್ನೆಗಳೆಲ್ಲ ನೂಕಾಡುತ್ತ ನಾಲಿಗೆ ತುದಿಗೆ ಬಂದು ನಿಂತವು. ಆಯೆಶಾ ತುಂಬಿದ ಕಣ್ಣಲ್ಲಿ, ಈಗ ಕೇಳಿಯೇ ಕೇಳುತ್ತಾಳೆ ಎಂದು ತಾಯಿಯ ಬಾಯನ್ನೇ ನೋಡುತ್ತಿದ್ದಳು.

ಆಬೇದಾ ಬಾಯಿ ತೆರೆದಳು, ಮುಚ್ಚಿದಳು. ಹುಟ್ಟಿದಾಗಿನಿಂದ ಅವಳು ನುಂಗಿದ ಮೊದಲನೆಯ ಅನುಮಾನ ಅದು, ಇಳಿಯಲು ಬಹಳ ಹೊತ್ತು ಹಿಡಿಯಿತು.

"ಕೂಡು," ಅಂದಳು, "ಚಾ ಮಾಡ್ತೇನಿ."